ಹಾರನ್ ಕೇಳದ ದಾರಿ

ಅವಳು ಸುಮ್ಮಸುಮ್ಮನೆ ಬೆಲ್ ಬಾರಿಸಿದಳು. ಮುಂದೆ ಯಾರೂ ಇರಲಿಲ್ಲ. ಕಾಲುವೆಯ ಏರಿ ನೆಟ್ಟಗೆ ಓಡಿ ತೆಂಗಿನ ಸಾಲಿನೊಳಗೆ ಮಾಯವಾಗುತ್ತಿತ್ತು. ಎಡಕ್ಕೆ ನೀರು, ಬಲಕ್ಕೆ ಬಾಳೆ, ನಡುವೆ ಒಂದು ಗಾಡಿಯಗಲದ ಕೆಮ್ಮಣ್ಣು. ಆ ಮಣ್ಣಿನ ಮೇಲೆ ಒಂದು ಕೊಕ್ಕರೆ ಕೂಡ ಇಳಿದಿರಲಿಲ್ಲ. ಆದರೂ ಬಾರಿಸಿದಳು, ಖುಷಿಗೆ. ಆ ಟ್ರಿಣ್ ಸದ್ದಿಗೆ ಪ್ರಭಾಕರನ್ ಹಿಡಿದಿದ್ದ ಹ್ಯಾಂಡಲ್ ತಾನಾಗಿ ಎಡಕ್ಕೆ ವಾಲಿತು, ಮುಂದಿನ ಚಕ್ರ ಅಂಚಿನ ಹುಲ್ಲಿಗೆ ಇಳಿಯಿತು, ಇನ್ನೊಂದು ಗೇಣು ವಾಲಿದ್ದರೆ ನೀರಿಗೇ. ಸಾವರಿಸಿಕೊಂಡ. ಹಿಂದಿನ ಸೈಕಲ್ಲಿನಲ್ಲಿ ಅವಳು ನಕ್ಕು 'ಸಾರಿ, ಸಾರಿ' ಎಂದಳು. ಅವನೂ ನಕ್ಕ. ನಕ್ಕಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಹಿಂದಿನಿಂದ ಏನೇ ಸದ್ದಾದರೂ ಪಕ್ಕಕ್ಕೆ ಸರಿಯುವುದು ಈ ಮೈಗೆ ಅಂಟಿದ ರೋಗ. ಈ ತಮಿಳು ಸೀಮೆಯ ಕಂಬಂ ರಸ್ತೆಯಲ್ಲಿ ಸೈಕಲ್ ತುಳಿದವನಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಬಾಳೆ ಲಾರಿ, ಕೇರಳಕ್ಕೆ ಹೋಗುವ ತರಕಾರಿ ವ್ಯಾನು, ಟೌನ್ ಬಸ್ಸು, ಜೀಪು, ಎಲ್ಲರೂ ಹಾರನ್ನಿನಲ್ಲಿ ಹೇಳುವುದು ಒಂದೇ ಮಾತು: ಇಳಿ. ಅರವತ್ತು ದಾಟಿದ ಈ ಫ್ರೆಂಚ್ ಹೆಂಗಸು ಮಾತ್ರ ಬೆಲ್ಲನ್ನು ಭಜನೆಯ ತಾಳದ ಹಾಗೆ ಬಾರಿಸುತ್ತಾಳೆ. ಅವಳ ದೇಶದಲ್ಲಿ ಅವಳು ಯಾರಿಗೂ ಸರಿದುಕೊಟ್ಟಿಲ್ಲ, ಅದು ಅವಳು ಸೈಕಲ್ ಮೇಲೆ ಕೂತ ಠೀವಿಯಲ್ಲೇ ಗೊತ್ತಾಗುತ್ತದೆ.

ಆ ದೇಶ ಅವನಿಗೆ ಗೊತ್ತು. ಉತ್ತಮಪಾಳಯದ ಬಸ್ ಸ್ಟ್ಯಾಂಡಿನ ಹಿಂದೆ ತಾನು ಕೆಲಸಕ್ಕಿದ್ದ ಸೈಕಲ್ ಶಾಪಿನಲ್ಲಿ, ಪಂಕ್ಚರ್ ನೋಡುವ ನೀರಿನ ತೊಟ್ಟಿಯ ಪಕ್ಕ ಕೂತು, ಮುತ್ತುಕುಮಾರ್ ಕಳಿಸಿದ ವಿಡಿಯೋಗಳನ್ನು ಅವನು ಎಷ್ಟು ಸಲ ನೋಡಿದ್ದಾನೋ ಲೆಕ್ಕವಿಲ್ಲ. ಅಲ್ಲಿ ರೈಲು ನಿಂತುಹೋದ ಮೇಲೆ ಹಳಿ ಕಿತ್ತು ಸೈಕಲ್ಲಿಗೆ ದಾರಿ ಮಾಡಿದ್ದಾರೆ. ಟೇಷನ್ನುಗಳಲ್ಲಿ ಈಗ ಜನ ಕಾಫಿ ಕುಡಿಯುತ್ತಾರೆ. ಒಂದು ಕಾಲಕ್ಕೆ ಕುದುರೆಗಳು ದೋಣಿ ಎಳೆದುಕೊಂಡು ನಡೆದ ಕಾಲುವೆ ದಂಡೆಯ ಮೇಲೆ ಈಗ ಮುದುಕಿಯರು, ಮಕ್ಕಳು, ಬುಟ್ಟಿಯಲ್ಲಿ ನಾಯಿ ಕೂರಿಸಿಕೊಂಡವರು ತುಳಿಯುತ್ತಾರೆ. ದಾರಿಯ ಬಾಯಲ್ಲಿ ಕಾರು ನುಗ್ಗದ ಹಾಗೆ ಮರದ ಗೂಟ ಹೂತಿದ್ದಾರೆ. ಗೋಧಿ ಹೊಲ, ದ್ರಾಕ್ಷಿ ತೋಟ, ಮತ್ತೆ ಗೋಧಿ ಹೊಲ. ಅವನು ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಸ್ಪೀಕರನ್ನು ಕಿವಿಗೆ ಒತ್ತಿ ಹಿಡಿದರೆ ಟೈರಿನಡಿ ಜಲ್ಲಿ ಅರೆಯುವ ಸದ್ದು ಮಾತ್ರ. ಐವತ್ತು ನಿಮಿಷದ ವಿಡಿಯೋದಲ್ಲಿ ಒಂದು ಹಾರನ್ ಇಲ್ಲ. ಮೊದಲ ದಿನ ಅವನಿಗೆ ಬಂದದ್ದು ಆಸೆಯಲ್ಲ, ಸಿಟ್ಟು. ಇಷ್ಟು ನಿಶ್ಶಬ್ದವನ್ನು ಒಂದು ದೇಶ ತನ್ನೊಂದಕ್ಕೇ ಇಟ್ಟುಕೊಂಡಿದೆಯಲ್ಲ ಎಂದು.

ಮುತ್ತುಕುಮಾರ್ ವೇದಸಂದೂರಿನವನು, ಕೊಡೈಕಾನಲ್‌ನ ಹೋಟೆಲುಗಳಲ್ಲಿ ಹನ್ನೆರಡು ವರ್ಷ ಹಾಸಿಗೆ ಮಡಿಸಿ, ಈಗ ವಿದೇಶಿಯರನ್ನು ಸೈಕಲ್ ಮೇಲೆ ಕರೆದೊಯ್ಯುವ ಸಣ್ಣ ವ್ಯವಹಾರ ಹೂಡಿದವನು. ಕನ್ನಡ ಅವನಿಗೆ ಬಾರದು. ಅವರಿಬ್ಬರ ಮಾತು ತಮಿಳಿನಲ್ಲಿ. "ತಂಬಿ, ಇವರಿಗೆ ಗುಡಿ ಬೇಡ, ಜಲಪಾತ ಬೇಡ. ಲಾರಿ, ಬಸ್ಸು, ಯಾವ ವಂಡಿಯೂ ಇಲ್ಲದ ದಾರಿ ಬೇಕು. ಮೂವತ್ತು ಕಿಲೋಮೀಟರ್. ನಡುವೆ ಒಂದು ಲಾರಿ ಕಂಡರೂ ನನ್ನ ಕಥೆ ಮುಗೀತು, ಅದನ್ನೇ ಬರೆದು ಹಾಕ್ತಾರೆ" ಎಂದಿದ್ದ. ಪ್ರಭಾಕರನ್ ಮೂರು ತಿಂಗಳು ಕಣಿವೆಯನ್ನು ತಡವಿದ. ಕಾಲುವೆ ಏರಿ, ತೋಟಗಳ ನಡುವಿನ ಓಣಿ, ಬತ್ತಿದ ಹಳ್ಳದ ಅಂಚು, ಇವನ್ನೆಲ್ಲ ಹರಿದ ಟ್ಯೂಬಿಗೆ ತೇಪೆ ಹಾಕಿದ ಹಾಗೆ ಒಂದಕ್ಕೊಂದು ಅಂಟಿಸಿ ದಾರಿ ಮಾಡಿದ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಅವನು. ಹನ್ನೊಂದನೇ ಕ್ಲಾಸಿಗೆ ಬಂದವರಿಗೆ ಸರ್ಕಾರ ಸೈಕಲ್ ಕೊಡುತ್ತದೆ. ಅವನ ಜೊತೆಯವರು ಆ ಹೊಸ ಸೈಕಲ್ಲುಗಳನ್ನು ಮೊದಲ ವಾರವೇ ಇವನ ಮುಂದೆ ತಂದು ನಿಲ್ಲಿಸಿ, "ನಟ್ಟೆಲ್ಲಾ ಲೂಸು, ಸ್ವಲ್ಪ ಟೈಟ್ ಮಾಡು ಡಾ" ಎಂದಿದ್ದರು. ಬಿಗಿದು ಕೊಟ್ಟಿದ್ದ, ಒಂದೊಂದನ್ನೂ. ಹಾಗೆ ನೋಡಿದರೆ ಈ ದಾರಿ ಅವನು ಹುಟ್ಟಿ ಮಾಡಿದ ಒಂದೇ ವಸ್ತು. ಅದು ಒಂದೇ ಕಡೆ ಕಡಿದುಹೋಗಿತ್ತು. ಇಪ್ಪತ್ತನೆಯ ಕಿಲೋಮೀಟರಿನ ಹತ್ತಿರ, ಅವನ ಊರಿನ ಅಂಚಿಗೆ, ಅವನ ದೊಡ್ಡಪ್ಪ ಪೆರಿಯಣ್ಣನ್ ಹಾಕಿದ ಮುಳ್ಳುಬೇಲಿ.

ಫೋನು ಜೇಬಿನಲ್ಲಿ ನಡುಗಿದಾಗ ಗಂಟೆ ಏಳೂವರೆ. ಅವ್ವ. ಅವನು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದೇ ತೆಗೆದ.

"ಪ್ರಭಾ, ಎಲ್ಲಿದ್ದೀ?"

"ಕೆಲ್ಸದಾಗೆ ಇವ್ನಿ. ಏನವ್ವ?"

"ಪಟ್ಟದ ಹೋರಿ ಬಿದ್ಬುಟ್ಟದೆ, ಕಣ್ಣೇ. ನಿನ್ ದೊಡ್ಡಪ್ಪನ ದ್ರಾಕ್ಷಿ ತೋಟದಾಗೆ. ನಿನ್ನೇನೇ ಹುಳಕ್ಕೆ ಮರುಂದು ಹೊಡ್ದಿದ್ರಂತೆ ಎಳೆ ಬಳ್ಳಿಗೆ. ತಿಂದ್ಬುಟ್ಟದೆ. ಬಾಯ್ತುಂಬ ನೊರೆ. ಡಾಕ್ಟ್ರು ಬಂದು ಸೂಜಿ ಹಾಕವ್ರೆ, ಎದ್ರೆ ಎದ್ದಾತು ಅಂದವ್ರೆ."

"ಒಳಕ್ಕೆ ಹೆಂಗೆ ಹೋಯ್ತು?" ಎಂದು ಕೇಳಿದ. ಆ ದನಿಯ ಮುಗ್ಧತೆ ಅವನಿಗೇ ಗುರುತು ಸಿಗಲಿಲ್ಲ. ಯಾರದೋ ಗಂಟಲು ಎರವಲು ತಂದ ಹಾಗಿತ್ತು.

"ಯಾರೋ ಬೇಲಿ ತೆಗ್ದವ್ರೆ. ದನ ಕಾಯೋ ಜೆಯರಾಜೇ ತೆಗ್ದವ್ನೆ, ಮೇಸಕ್ಕೆ ಸುತ್ತು ತಪ್ಲಿ ಅಂತ, ಅಂತವ್ರೆ ನಿನ್ ದೊಡ್ಡಪ್ಪ. ತಪ್ ಮಾಡ್ದೋನ್ ಹಂಗೆ ಟವಲ್ ಸೊಂಟಕ್ಕೆ ಕಟ್ಸಿ ನಿಲ್ಸವ್ರೆ ಪಾಪ. ಬೈಗಾಗೋದ್ರಾಗೆ ಊರು ಬಿಡ್ಸ್ತಾರಂತೆ. ನೀನ್ ಬಾ ಇತ್ಲಾಗೆ."

"ಬತ್ತೀನಿ" ಎಂದ. ಬರುತ್ತಲೇ ಇದ್ದ. ಅದೇ ಕಡೆಗೆ, ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ, ಆ ಹೆಂಗಸು, ಅವಳ ಗಂಡ, ಇಬ್ಬರು ಅತಿಥಿಗಳನ್ನೂ ಮುತ್ತುಕುಮಾರನನ್ನೂ ಹಿಂದಿಟ್ಟುಕೊಂಡು.

ಬೇಲಿ ತೆಗೆದವನು ಅವನು. ನಿನ್ನೆ ನಡುಮಧ್ಯಾಹ್ನ, ಮಚ್ಚಿನಿಂದ ಎರಡು ಗೂಟ ಕಡಿದು, ಸೀಮೆಜಾಲಿಯ ಮುಳ್ಳುಕಂತೆಯನ್ನು ಎಳೆದು ಪಕ್ಕಕ್ಕೆ ಹಾಕಿ, ಎರಡು ಮಾರು ಜಾಗ ಬಿಡಿಸಿದ್ದ. ಮೇಲೊಂದು ಮುಳ್ಳುಕೊಂಬೆಯನ್ನು ಹಗುರವಾಗಿ ಒರಗಿಸಿದ್ದ, ದೂರದಿಂದ ನೋಡಿದವರಿಗೆ ಬೇಲಿ ಇದ್ದ ಹಾಗೇ ಕಾಣಲಿ ಎಂದು. ಇವತ್ತು ಇವರು ದಾಟಿದ ಮೇಲೆ ಮತ್ತೆ ಕಟ್ಟಿಬಿಡುವುದೆಂದು ಎಣಿಸಿದ್ದ. ಹತ್ತು ದಿನದ ಕೆಳಗೆ ಫೋನಿನಲ್ಲಿ ದಾರಿ ದಾಖಲಿಸಲು ಬಂದಾಗ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಬೇಲಿ ಹಾರಿದ್ದ. ನಕ್ಷೆಯಲ್ಲಿ ನೀಲಿ ಗೆರೆ ಬೇಲಿಯನ್ನು ಕಾಣದೆ ನೆಟ್ಟಗೆ ಹೋಗಿತ್ತು. "ಅರವತ್ತರ ಮುದುಕರು ಸೈಕಲ್ ಹೊರ್ತಾರೇನೋ? ನೀನೇ ಏನಾದರೂ ಮಾಡು" ಎಂದಿದ್ದ ಮುತ್ತುಕುಮಾರ್. ಮಾಡಿದ್ದ. ಮಚ್ಚು ಎತ್ತುವಾಗ ಅತಿಥಿಗಳ ನೆನಪೇ ಇರಲಿಲ್ಲ ಎಂಬುದು ಮಾತ್ರ ಅವನಿಗೆ ಗೊತ್ತು. ಮೊದಲ ಗೂಟ ಮುರಿದಾಗ ಬಾಯಿಂದ ಒಂದು ಬೈಗುಳ ಬಂದಿತ್ತು, ಕನ್ನಡದಲ್ಲಿ, ಅಪ್ಪ ಎಂದೂ ಆಡದಿದ್ದ ಬೈಗುಳ. ತಲೆಯೆತ್ತಿದರೆ ಹಳ್ಳದಾಚೆ ಜೆಯರಾಜ್ ದನಗಳ ನಡುವೆ ನಿಂತಿದ್ದ. ಕೈ ಎತ್ತಿದ. ಇವನೂ ಮಚ್ಚಿದ್ದ ಕೈಯನ್ನೇ ಎತ್ತಿದ. ಅಷ್ಟು ದೂರಕ್ಕೆ ಮುಖ ಕಾಣುವುದಿಲ್ಲ ಎಂದು ಈಗ ಹೇಳಿಕೊಂಡ. ಕೈ ಎತ್ತುವಷ್ಟು ಗುರುತು ಸಿಕ್ಕಿದ್ದರಲ್ಲವೇ ಕೈ ಎತ್ತುವುದು?

ಆ ಹೋರಿ ಯಾರೊಬ್ಬರದೂ ಅಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಅವನ ಜನ ಎಷ್ಟೋ ತಲೆಮಾರಿನ ಹಿಂದೆ ಬಡಗಲಿಂದ ಈ ಕಣಿವೆಗೆ ಇಳಿದದ್ದು ದನಗಳ ಹಿಂದೆ. 'ದನ ನಡೆದದ್ದೇ ದಾರಿ, ದನ ನಿಂತದ್ದೇ ಊರು' ಎಂದು ಹಿರಿಯರು ಇಂದಿಗೂ ಹೇಳುತ್ತಾರೆ. ಅದರ ನೆನಪಿಗೆ ದೇವರ ಹೆಸರಿನಲ್ಲಿ ಬಿಟ್ಟ ಹಿಂಡು ಅದು, ತಂಬಿರಾನ್ ದನ. ಅದರ ಹಾಲು ಮಾರುವಂತಿಲ್ಲ, ಅದಕ್ಕೆ ನೊಗ ಹೂಡುವಂತಿಲ್ಲ. ಎದುರಾದರೆ ವಾಹನದಿಂದ ಇಳಿದು, ಮೆಟ್ಟು ಬಿಟ್ಟು ನಿಲ್ಲಬೇಕು. ಮುಂದೆ ನಡೆಯುವ ಪಟ್ಟದ ಹೋರಿ ದಾಟುವ ತನಕ ಬಾಳೆ ಲಾರಿಯವನೂ ಎಂಜಿನ್ ಆರಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂರುತ್ತಾನೆ, ಹಾರನ್ ಮುಟ್ಟುವುದಿಲ್ಲ. ಈ ಕಣಿವೆಯಲ್ಲಿ ವಂಡಿ ಇಲ್ಲದ ದಾರಿ ಯಾವುದೆಂದು ಮುತ್ತುಕುಮಾರ್ ಕೇಳಿದಾಗ ಪ್ರಭಾಕರನ ಮನಸ್ಸಿಗೆ ಮೊದಲು ಬಂದದ್ದೇ ಕಾಲುವೆಯಿಂದ ಗುಡ್ಡಕ್ಕೆ ಹತ್ತುವ ಆ ದನದ ದಾರಿ. ಮೂರು ವರ್ಷದ ಕೆಳಗೆ ಪೆರಿಯಣ್ಣನ್ ಅದಕ್ಕೆ ಬೇಲಿ ಸುತ್ತಿ ತೋಟಕ್ಕೆ ಸೇರಿಸಿಕೊಂಡ. ಹಿಂಡು ಅಂದಿನಿಂದ ಟಾರು ರಸ್ತೆಯ ಅಂಚು ಹಿಡಿದು ಸುತ್ತಿ ಹೋಗುತ್ತದೆ.

ಅದು ಸರಿಯೇ ಎಂದು ಒಬ್ಬನೇ ಒಬ್ಬ ಕೇಳಿದ್ದ. ಅಪ್ಪ. ಬಾಳೆ ಲಾರಿಯೊಂದು ಹಾರನ್ ಒತ್ತಿ ಹಳ್ಳಕ್ಕೆ ಕೆಡವಿದ ಮೇಲೆ ಅಪ್ಪ ಮತ್ತೆ ಸೈಕಲ್ ಹತ್ತಲಿಲ್ಲ. ಎಲ್ಲಿಗೆ ಹೋದರೂ ಅದನ್ನು ತಳ್ಳಿಕೊಂಡು ಪಕ್ಕದಲ್ಲಿ ನಡೆಯುತ್ತಿದ್ದ, ದಾರಿ ಖಾಲಿ ಇದ್ದಾಗಲೂ. ಊರಕೂಟದಲ್ಲಿ ಎದ್ದು ನಿಂತು, ಟವಲನ್ನು ಎರಡು ಕೈಯಲ್ಲೂ ಹಿಂಡುತ್ತ, "ಅದು ದನದ ದಾರಿ ಅಲ್ವಾ ಅಣ್ಣಾ" ಎಂದಿದ್ದ. ಪೆರಿಯಣ್ಣನ್ ಎಲೆಗೆ ಸುಣ್ಣ ಸವರುತ್ತಲೇ, ತಲೆಯೆತ್ತದೆ, "ಸೈಕಲ್ ಮೇಲೆ ಕೂರಾಕೇ ಹೆದ್ರಿ ತಳ್ಕಂಡ್ ಹೋಗೋನ್ಗೆ ದಾರಿ ಯಾಕ್ ಡಾ?" ಎಂದಿದ್ದ. ಕೂಟವೆಲ್ಲ ನಕ್ಕಿತು. ಹಿಂದಿನ ಸಾಲಿನಲ್ಲಿ ನಿಂತಿದ್ದ ಪ್ರಭಾಕರನ್ ಕೂಡ ನಕ್ಕ. ಬೇಕೆಂದು ನಕ್ಕದ್ದಲ್ಲ, ಹಿಂದಿನಿಂದ ಸದ್ದು ಬಂದಾಗ ಮೈ ಸರಿಯುವ ಹಾಗೆ ಬಾಯಿ ತೆರೆದುಕೊಂಡಿತು. ಅಪ್ಪ ಆಗಲೇ ತಿರುಗಿ ನೋಡಿದ್ದ. ಮನೆಗೆ ಬರುವಾಗ ಇಬ್ಬರ ನಡುವೆ ಆ ಸೈಕಲ್ ಕಟಕಟ ಎನ್ನುತ್ತ ನಡೆಯಿತು. ಸಾಯುವ ತನಕ ಅಪ್ಪ ಆ ನಗುವಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಕಾಲುವೆಗೊಂದು ಸೇತುವೆ. ಅಲ್ಲಿಂದ ಟಾರು ರಸ್ತೆಗೆ ಹತ್ತಬಹುದು. ಪ್ರಭಾಕರನ್ ಬ್ರೇಕ್ ಹಿಡಿದು ಕಾಲೂರಿದ. ಮುತ್ತುಕುಮಾರ್ ಏದುಸಿರು ಬಿಡುತ್ತ ಬಂದು ನಿಂತ. ಹೋಟೆಲು ಅವನಿಗೆ ಹೊಟ್ಟೆ ಕೊಟ್ಟಿತ್ತು, ಶ್ವಾಸ ಕೊಟ್ಟಿರಲಿಲ್ಲ.

"ಅಣ್ಣಾ, ಮುಂದೆ ಏರಿ ಕುಸಿದಿದೆಯಂತೆ. ಇಲ್ಲಿಂದ ರೋಡಿಗೆ ಹತ್ತೋಣ."

"ನಿನ್ನೆ ಸಂಜೆ ಎಲ್ಲಾ ಕಣ್ಣಾಡಿಸಿ ಬಂದೆ ಅಂದಿದ್ದೆ?"

"ಈಗ ಫೋನ್ ಬಂತು."

"ಈಗ ಫೋನ್ ಬಂತು, ಈಗ ಏರಿ ಕುಸೀತು." ಮುತ್ತುಕುಮಾರ್ ದನಿ ತಗ್ಗಿಸಿದ. "ತಂಬಿ, ಇವರು ಊರಲ್ಲಿ ಎಂಟುನೂರು ಕಿಲೋಮೀಟರ್ ಕಾಲುವೆ ದಂಡೆ ತುಳಿದವರು. ನಾನು ಮೂವತ್ತು ಕೊಡ್ತೀನಿ ಅಂದಿದ್ದೀನಿ. ನನ್ನ ಮಾನ ನಿನ್ನ ಕೈಲಿದೆ. ಆಟ ಆಡಬೇಡ."

ಅದೇ ಹೊತ್ತಿಗೆ ಮೇಲೆ ರಸ್ತೆಯಲ್ಲಿ ಬಾಳೆಗೊನೆ ತುಂಬಿದ ಲಾರಿಯೊಂದು ಊಳಿಡುತ್ತ ಹಾದುಹೋಯಿತು. ಹೆಂಗಸಿನ ಗಂಡ, ಬೆಳಗಿನಿಂದ ಎರಡು ಮಾತಾಡದ ಮನುಷ್ಯ, ಎರಡೂ ಕಿವಿ ಮುಚ್ಚಿಕೊಂಡ. ಅವಳು ಫೋನಿನಲ್ಲಿ ನೀಲಿ ಗೆರೆ ತೋರಿಸಿ ನಿಧಾನವಾಗಿ, ಮಗುವಿಗೆ ಹೇಳಿದಂತೆ ಇಂಗ್ಲಿಷಿನಲ್ಲಿ ಹೇಳಿದಳು: ಕುಸಿದಿದ್ದರೆ ಇಳಿದು ನಡೆಯೋಣ, ನಮ್ಮಲ್ಲೂ ಪ್ರವಾಹ ಬಂದರೆ ಹಾಗೇ ಮಾಡುತ್ತೇವೆ, ದಾರಿ ಬಿಡುವುದು ಬೇಡ. ದಾರಿ ಬಿಡುವುದು ಬೇಡವಂತೆ. ಅವಳ ಕಾಲಿನ ಷೂ ಮೇಲೆ ಒಂದು ಹನಿ ಕೆಸರಿಲ್ಲ. ಅವನಿಗೆ ಆ ಫೋನು ಕಸಿದು ಕಾಲುವೆಗೆ ಎಸೆಯಬೇಕೆನಿಸಿತು. "ಓಕೆ ಮೇಡಂ" ಎಂದ.

ಮುಂದಿನ ಐದು ಕಿಲೋಮೀಟರ್ ಅವನು ತುಳಿದದ್ದು ಕಾಲಿನಿಂದಲ್ಲ, ತಲೆಯಿಂದ. ಒಂದು ತಿರುವಿನಲ್ಲಿ ಎಲ್ಲ ಹೇಳಿಬಿಡುತ್ತಿದ್ದ. ಮರುತಿರುವಿನಲ್ಲಿ ಜೆಯರಾಜ್ ತಪ್ಪಿತಸ್ಥನೇ ಆಗುತ್ತಿದ್ದ. ಬೇಲಿ ತೆರೆದಿದ್ದನ್ನು ಕಂಡ ಮೇಲೂ ಹೋರಿಯನ್ನು ಆ ಕಡೆ ಯಾಕೆ ಬಿಟ್ಟ? ಹತ್ತೊಂಬತ್ತು ವರ್ಷದಿಂದ ಹಿಂಡು ಕಾಯುತ್ತಿದ್ದಾನೆ, ಅಷ್ಟು ತಿಳಿಯದೇ? ಅಂಥವನು ಯಾಕೆ ಬಾಯಿ ಬಿಡುತ್ತಿಲ್ಲ? ಉತ್ತರ ಗೊತ್ತಿತ್ತು. ಜೆಯರಾಜ್ ಬೇರೆ ಜಾತಿಯವನು, ಕೂಲಿಗೆ ಬಂದವನು, ದೊಡ್ಡಿಯ ಪಕ್ಕದ ಸೋಗೆ ಗುಡಿಸಲಿನಲ್ಲಿ ಹೆಂಡತಿಯ ಜೊತೆ ಇರುವವನು. 'ನಿಮ್ಮ ಮನೆ ಹುಡುಗನೇ ಕಡಿದದ್ದು' ಎಂದು ಊರಿನ ನಡುವೆ ನಿಂತು ಹೇಳಿದರೆ ಅದು ಇನ್ನೊಂದು ತಪ್ಪಾಗುತ್ತದೆ, ಮೊದಲಿನದಕ್ಕಿಂತ ದೊಡ್ಡದು. ತಾನು ಸುಮ್ಮನಿದ್ದರೆ ಸಾಕು, ಎಲ್ಲ ತಾನಾಗಿ ನಡೆದುಹೋಗುತ್ತದೆ. ಸುಮ್ಮನಿರುವುದು ಎಷ್ಟು ಸಲೀಸು ಎಂದು ಅವನಿಗೆ ಹೊಳೆಯಿತು.

ಬೇಲಿಗೆ ಇನ್ನು ಕಾಲು ಮೈಲಿ ಇರುವಾಗ ಗಂಡನ ಹಿಂದಿನ ಚಕ್ರ ಉಸ್ಸೆಂದಿತು. ಪ್ರಭಾಕರನ್ ಬಗ್ಗಿ ಟೈರು ತಿರುಗಿಸಿ ಮುಳ್ಳು ಕಿತ್ತ. ಸೀಮೆಜಾಲಿ. ಇನ್ನೂ ಹಸಿ. ನಿನ್ನೆ ಒಂದು ಕಂತೆಯನ್ನು ಯಾರ ಕಣ್ಣಿಗೂ ಬೀಳದಿರಲೆಂದು ಇಲ್ಲಿಯ ತನಕ ಎಳೆದು ತಂದು ನೀರಿಗೆ ಎಸೆದಿದ್ದ. ಆ ದಾರಿಯುದ್ದಕ್ಕೂ ಉದುರಿದ್ದರಲ್ಲಿ ಇದೊಂದು. ಅಂಗೈ ಮೇಲೆ ಇಟ್ಟುಕೊಂಡು ನೋಡಿದ. ನಾಲ್ಕು ನಿಮಿಷದಲ್ಲಿ ಪಂಕ್ಚರ್ ಹಾಕುವ ಕೈ ಅವನದು. ಈಗ ಟ್ಯೂಬನ್ನು ಉಜ್ಜಿದ, ಮತ್ತೆ ಉಜ್ಜಿದ, ಅಂಟು ಹಚ್ಚಿ ಒಣಗಲಿ ಎಂದು ಊದಿದ, ಇನ್ನೊಂದು ತೂತು ಇರಬಹುದೆಂದು ಟ್ಯೂಬನ್ನು ಕಾಲುವೆಯಲ್ಲಿ ಅದ್ದಿ ಗುಳ್ಳೆ ಹುಡುಕಿದ. ಅರ್ಧ ಗಂಟೆ ತಳ್ಳಿದರೆ ಅಲ್ಲಿ ಜನ ಚದುರಿಯಾರು. ಆ ಹೊತ್ತಿಗೆ ಜೆಯರಾಜನನ್ನು ಕಳಿಸಿಯಾಗಿರುತ್ತದೆ ಎಂಬ ಯೋಚನೆ ಅದರ ಬಾಲ ಹಿಡಿದೇ ಬಂತು, ಬಂದದ್ದರಲ್ಲಿ ಒಂದು ಎಳೆ ನೆಮ್ಮದಿಯೂ ಇತ್ತು. ತಲೆಯೆತ್ತಿದರೆ ಅವಳಿಲ್ಲ.

"ಮೇಡಂ ಎಲ್ಲಿ?"

"ಮುಂದೆ ಹೋದಳು. ಗೆರೆ ಇದೆಯಲ್ಲ, ದಾರಿ ತಪ್ಪಲ್ಲ" ಎಂದ ಮುತ್ತುಕುಮಾರ್, ಗಾಳಿ ಹಾಕಿಕೊಳ್ಳುತ್ತ.

ಟ್ಯೂಬನ್ನು ಅವನ ಕೈಗೆ ತುರುಕಿ ಪ್ರಭಾಕರನ್ ಓಡಿದ. ಸೈಕಲ್ ಹತ್ತಬೇಕೆಂಬುದೂ ತೋಚಲಿಲ್ಲ. ಓಡುತ್ತಿರುವಾಗಲೇ ಕೇಳಿಸಿತು: ಟ್ರಿಣ್, ಟ್ರಿಣ್. ದಾರಿ ಬಿಡಿ ಎಂದು ಅವಳು ಊರಿಗೇ ಬೆಲ್ ಹೊಡೆಯುತ್ತಿದ್ದಳು.

ಊರು ದಾರಿ ಬಿಟ್ಟಿತ್ತು. ಅವನು ತಲುಪಿದಾಗ ಅರವತ್ತು ಎಪ್ಪತ್ತು ಜನ ಎರಡು ಪಾಲಾಗಿ ಸರಿದು ನಿಂತಿದ್ದರು, ಪೆರಿಯಣ್ಣನ್ ಕೂಡ. ಬೇಲಿಯ ಕಂಡಿಯ ನಡುವೆ ಅವಳು ಸೈಕಲ್ ಹಿಡಿದು ನಿಂತಿದ್ದಳು. ಅವಳ ಮುಂದೆ, ಚಪ್ಪರಕ್ಕೆ ಇನ್ನೂ ಏರದ ಎಳೆಯ ಬಳ್ಳಿಗಳ ಸಾಲನ್ನು ಮುರಿದುಕೊಂಡು, ದಾರಿಗೆ ಅಡ್ಡಲಾಗಿ ಹೋರಿ ಮಲಗಿತ್ತು. ಅಷ್ಟು ದೊಡ್ಡ ಮೈ ಅಷ್ಟು ಕೆಳಗೆ ಇರುವುದನ್ನು ಅವನು ಕಂಡಿರಲಿಲ್ಲ. ಹೊಟ್ಟೆ ಏರಿ ಇಳಿಯುತ್ತಿತ್ತು. ಮೂಗಿನ ತುದಿಯಲ್ಲಿ ನೊಣ. ಊರಿನಲ್ಲೇ ಹಿರಿಯಳಾದ ಅಮ್ಮಣಿ ಅಜ್ಜಿ ಅದರ ತಲೆಯ ಹತ್ತಿರ ಕಾಲು ಚಾಚಿ ಕೂತು ಸೆರಗಿನಿಂದ ನೊರೆ ಒರೆಸುತ್ತಿದ್ದಳು. ಸ್ವಲ್ಪ ದೂರದಲ್ಲಿ, ಬಿಸಿಲಿಗೆ, ಟವಲ್ ಸೊಂಟಕ್ಕೆ ಕಟ್ಟಿಕೊಂಡು ಜೆಯರಾಜ್. ಪ್ರಭಾಕರನ್ ಚಪ್ಪಲಿ ಬಿಟ್ಟ. ಜೆಯರಾಜ್ ಅವನನ್ನು ನೋಡಿದ, ಆಮೇಲೆ ಅವನು ಬಿಟ್ಟ ಚಪ್ಪಲಿಯನ್ನು ನೋಡಿದ, ಆಮೇಲೆ ನೆಲವನ್ನು.

"ಏನ್ ಡಾ ಪ್ರಭಾ, ಏನಿದು ಮೆರವಣ್ಗೆ?" ಎಂದ ಪೆರಿಯಣ್ಣನ್. ಸರಿದು ನಿಂತ ಅವಮಾನ ಅವನ ದನಿಯಲ್ಲಿ ಬಿಸಿಯಾಗಿತ್ತು. "ಬಿಳೀ ವೆಳ್ಳಕ್ಕಾರಮ್ಮನ್ನ ಕರ್ಕಂಡ್ ಬಂದು ನಮ್ ಮಾನ ತೋರ್ಸ್ತಿದ್ದೀಯೋ?"

"ದಾರಿ ಇತ್ತು, ಬಂದ್ವಿ ದೊಡ್ಡಪ್ಪ."

"ಇಲ್ಲೆಲ್ಲಿ ಡಾ ದಾರಿ? ಇದು ನನ್ ತೋಟ. ಈ ನಾಯಿ ಬೇಲಿ ಕಿತ್ತು ಬಾಗ್ಲು ಮಾಡವ್ನೆ. ಹತ್ತೊಂಬತ್ತ್ ವರ್ಷ ಅನ್ನ ಹಾಕಿದ್ದಕ್ಕೆ."

ಜೆಯರಾಜನಿಗೆ ಹತ್ತೊಂಬತ್ತು ವರ್ಷದಲ್ಲಿ ಕನ್ನಡ ಪೂರ್ತಿ ತಿಳಿಯುತ್ತದೆ. ತಿಳಿಯದವನ ಮುಖ ಇಟ್ಟುಕೊಂಡಿದ್ದ.

ಹೆಂಗಸು ಹೆಲ್ಮೆಟ್ ತೆಗೆದಿದ್ದಳು. ಯಾರೂ ಹೇಳದೆ ಷೂ ಕೂಡ ಬಿಚ್ಚಿ ಪಕ್ಕಕ್ಕಿಟ್ಟಳು, ಎಲ್ಲರ ಕಾಲು ನೋಡಿ. ಏನಾಗಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಏನಂತಾಳೋ ಅವ್ಳು?" ಅಂದಳು ಅಮ್ಮಣಿ ಅಜ್ಜಿ.

"ಹೋರಿಗೇನಾಯ್ತು ಅಂತ ಕೇಳ್ತವ್ಳೆ."

"ವಿಷ ತಿಂದದೆ ಅನ್ನು. ಕಾಯೋನು ಕಾಯ್ನಿಲ್ಲ ಅನ್ನು."

"ವೆರಿ ಓಲ್ಡ್, ಮೇಡಂ" ಎಂದ ಪ್ರಭಾಕರನ್. "ಓಲ್ಡ್ ಏಜ್." ಸುಳ್ಳು ನಾಲಿಗೆಯ ಮೇಲೆ ಒಣಗಿದ ಅಂಟಿನ ಹಾಗೆ ಇತ್ತು. ಈ ಎರಡು ಭಾಷೆಗಳ ನಡುವೆ ತಾನು ಹಾಕಿದ್ದೇ ಬೇಲಿ, ತೆಗೆದದ್ದೇ ಬಾಗಿಲು. ಯಾರೂ ಒಳಗೆ ಇಣುಕಲಾರರು.

ಅವಳು ಬೇಲಿಯ ಕಂಡಿಯ ಹತ್ತಿರ ಹೋಗಿ ಕಡಿದ ಗೂಟವನ್ನು ಮುಟ್ಟಿದಳು. ಹಸಿ ಬಿಳುಪನ್ನು ಬೆರಳಿಂದ ಸವರಿದಳು. ಅವಳ ಮುಖದಲ್ಲಿ ಏನೋ ಬಿಚ್ಚಿಕೊಂಡಿತು. ಜನರ ಕಡೆ ತಿರುಗಿ, ಎದೆಯ ಮೇಲೆ ಕೈಯಿಟ್ಟು, ಬಿಡಿಸಿ ಬಿಡಿಸಿ ಮಾತಾಡಿದಳು. ಅವನಿಗೆ ಅರ್ಧ ತಿಳಿಯಿತು, ಅರ್ಧ ಅವಳ ಕೈ ಹೇಳಿತು. ಅವಳ ಊರಿನ ಹಳೇ ದಾರಿಯನ್ನು ಒಬ್ಬ ದೊಡ್ಡ ಕುಳ ಮುಚ್ಚಿಬಿಟ್ಟಿದ್ದನಂತೆ, ಮೂವತ್ತು ವರ್ಷ. ಒಬ್ಬ ಅಂಚೆಯವನು ಪ್ರತಿ ಭಾನುವಾರ ಹೋಗಿ ಮುಳ್ಳು ಕಡಿಯುತ್ತಿದ್ದನಂತೆ, ಒಬ್ಬನೇ, ಜನ ನಗುತ್ತಿದ್ದರಂತೆ. ಇವತ್ತು ಅಲ್ಲಿ ಸಾವಿರಾರು ಜನ ಸೈಕಲ್ ತುಳಿಯುತ್ತಾರಂತೆ. ಯಾರೂ ಅವನು ಬದುಕಿದ್ದಾಗ ಅವನಿಗೆ ಒಂದು ಮಾತು ಹೇಳಲಿಲ್ಲ. ಇಲ್ಲಿ ಈ ಬೇಲಿ ತೆರೆದವರು ಯಾರೋ, ಅವರಿಗೆ ನನ್ನ ವಂದನೆ ಹೇಳು. ಈಗಲೇ ಹೇಳು.

"ಏನಂತಾಳೆ?" ಅಜ್ಜಿ ಮತ್ತೆ ಕೇಳಿದಳು.

ಏನು ಬೇಕಾದರೂ ಹೇಳಬಹುದಿತ್ತು. ನಿಮ್ಮ ದನ ಬೇಗ ಗುಣವಾಗಲಿ ಎಂದಳು, ಎನ್ನಬಹುದಿತ್ತು, ಎಲ್ಲರೂ ತಲೆದೂಗುತ್ತಿದ್ದರು. ಹಿಂದೆ ಮುತ್ತುಕುಮಾರ್ ಬರುತ್ತಿರುವ ಸದ್ದು ಕೇಳಿಸುತ್ತಿತ್ತು. ಎದುರಿಗೆ ಸಾಲಾಗಿ ನಿಂತ ಮುಖಗಳು, ಆವತ್ತು ನಕ್ಕ ಮುಖಗಳೇ. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹುಡುಗ ಬಾಯಿ ತೆರೆದು ನಿಂತಿರಬೇಕು ಎನ್ನಿಸಿ ಅವನು ಹುಡುಕಿದ. ಇರಲಿಲ್ಲ.

"ಈ ಬೇಲಿ ತೆಗ್ದೋನ್ಗೆ ಕೈ ಮುಗ್ದೆ ಅಂತ ಹೇಳು, ಅಂತವ್ಳೆ."

ಪೆರಿಯಣ್ಣನ್ ತೊಡೆ ತಟ್ಟಿ ನಕ್ಕ. "ಕೇಳಿದ್ರೇನಯ್ಯಾ! ಇವನ್ಗೆ ಕೈ ಮುಗೀತಾಳಂತೆ! ಹೇಳು ಡಾ, ಹೇಳು ಅವನ್ಗೆ, ತಮಿಳ್ನಾಗೆ ಹೇಳು, ಚೆಂದಾಗ್ ಅರ್ಥ ಆಗ್ಲಿ."

"ಅವನ್ಗಲ್ಲ."

"ಮತ್ಯಾರ್ಗೆ?"

"ನನ್ಗೆ."

ಗಾಳಿ ಬಾಳೆಯ ಹರಿದ ಎಲೆಗಳನ್ನು ಒಮ್ಮೆ ತಟ್ಟಿ ಬಿಟ್ಟಿತು. ಪೆರಿಯಣ್ಣನ ಮುಖದಲ್ಲಿ ನಗು ಇನ್ನೂ ಇತ್ತು, ತೆಗೆಯಲು ಮರೆತವನ ಹಾಗೆ. ಆಮೇಲೆ ಅವನು ಬಂದ. ಹೆಜ್ಜೆ ಸದ್ದು, ಮೇಲೆತ್ತಿದ ಕೈ, ಎಲ್ಲವೂ ನಿಧಾನವಾಗಿ ಕಂಡವು. ಪ್ರಭಾಕರನ್ ತನ್ನ ಮೈ ಎಡಕ್ಕೆ ಸರಿಯುವುದೆಂದು ಕಾದ. ಸರಿಯಲಿಲ್ಲ. ಏಟು ಕಿವಿಯ ಮೇಲೆ ಬಿತ್ತು. ಹೆಂಗಸು ಚೀರಿದಳು.

"ಬಿಡೋ ಪೆರಿಯಣ್ಣ" ಅಂದಳು ಅಮ್ಮಣಿ ಅಜ್ಜಿ, ನೊರೆ ಒರೆಸುವುದನ್ನು ನಿಲ್ಲಿಸದೆ. "ಏ ಪ್ರಭಾ, ಯಾವಾಗ ತೆಗ್ದೆ?"

"ನಿನ್ನೆ ಮಧ್ಯಾನ."

"ಮೂರ್ ವರ್ಷ ಆಯ್ತು ದನ ಈ ಕಡೆ ಬಂದು." ಹೋರಿಯ ಕಿವಿಯನ್ನು ನೇವರಿಸಿದಳು. "ಬಾಗ್ಲು ತೆಗ್ದ ಮಾರ್ನೇ ದಿನವೇ ನೆಟ್ಟಗೆ ಬಂದದೆ. ಯಾರೂ ಕರೀನಿಲ್ಲ. ಅದಕ್ಕೆ ಗ್ಯಾಪ್ಕ ಇತ್ತು. ನಮ್ಗೇ ಇರ್ನಿಲ್ಲ."

ಯಾರೂ ಪೆರಿಯಣ್ಣನನ್ನು ನೋಡಲಿಲ್ಲ. ನೋಡದಿರುವುದೂ ಒಂದು ನೋಟವೇ. ಅವನು ಬಳ್ಳಿಗಳ ಕಡೆ ತಿರುಗಿ, ಮುರಿದ ಒಂದನ್ನು ಎತ್ತಿ ಗೂಟಕ್ಕೆ ಒರಗಿಸಿದ. ಅದು ಮತ್ತೆ ಬಿತ್ತು.

ಜೆಯರಾಜ್ ಸೊಂಟದ ಟವಲ್ ಬಿಚ್ಚಿದ. ಕೊಡವಿದ. ಮುಖ ಒರೆಸಿಕೊಂಡು ಹೆಗಲಿಗೆ ಹಾಕಿಕೊಂಡ. ಪ್ರಭಾಕರನ ಪಕ್ಕ ಹಾದುಹೋಗುವಾಗ ನಿಂತು, ತಮಿಳಿನಲ್ಲಲ್ಲ, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲೇ ಹೇಳಿದ: "ಬೆಳಿಗ್ಗೇನೇ ಬರ್ಬೋದಿತ್ತು ನೀನು." ಅದರಲ್ಲಿ ಕೃತಜ್ಞತೆಯ ಒಂದು ಕಾಳೂ ಇರಲಿಲ್ಲ. ಏಟಿಗಿಂತ ಅದು ಆಳಕ್ಕೆ ಹೋಯಿತು.

ಮುತ್ತುಕುಮಾರ್ ಎಲ್ಲರಿಗೂ ಕೈ ಮುಗಿಯುತ್ತ ಅತಿಥಿಗಳನ್ನು ಹಿಂದಕ್ಕೆ ಹೊರಡಿಸಿದ. ಸೇತುವೆಗೆ ವ್ಯಾನ್ ತರಿಸಿದ್ದ. ಪ್ರಭಾಕರನ ಸೈಕಲ್ಲೂ ಅವನದೇ, ಅದನ್ನೂ ಇನ್ನೊಂದು ಕೈಯಲ್ಲಿ ಹಿಡಿದ. "ಇನ್ನು ನನಗೆ ಫೋನ್ ಮಾಡಬೇಡ" ಎಂದಷ್ಟೇ ಹೇಳಿದ. ಹೆಂಗಸು ಎರಡು ಸಲ ತಿರುಗಿ ನೋಡಿದಳು. ತನ್ನ ವಂದನೆ ಬೇಲಿ ತೆರೆದವನಿಗೆ ತಲುಪಿತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ತಲುಪಿದ್ದಕ್ಕೇ ಏಟು ಬಿತ್ತೆಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ದೇವರ ದನಕ್ಕೆ ಕೇಡು ತಂದವನು ಅದು ಏಳುವ ತನಕ, ಇಲ್ಲ ಮಣ್ಣಿಗೆ ಹೋಗುವ ತನಕ, ಬರಿಗಾಲಲ್ಲಿ ನೀರು ಹೊತ್ತು ಅದರ ಮೈಗೆ ಹುಯ್ಯಬೇಕು. ಅದನ್ನು ಯಾರೂ ತೀರ್ಪಿನ ಹಾಗೆ ಹೇಳಲಿಲ್ಲ. ಜನ ಚದುರಿದರು, ಅಜ್ಜಿ "ನೀರು" ಎಂದಳು, ಅಷ್ಟೇ. ಅವ್ವ ಬಂದಳು. ಅಪ್ಪನ ಸೈಕಲ್ ತಂದಿದ್ದಳು, ಕ್ಯಾರಿಯರಿನ ಎರಡು ಬದಿಗೂ ಪ್ಲಾಸ್ಟಿಕ್ ಕೊಡ ಕಟ್ಟಿ. ಅವನ ಊದಿದ ಕಿವಿಯನ್ನು ನೋಡಿದಳು, ಮುಟ್ಟಲಿಲ್ಲ, ಸ್ಟ್ಯಾಂಡು ಹಾಕಿ ಹೋದಳು.

ಹೋರಿ ಇನ್ನೂ ಉಸಿರಾಡುತ್ತಿತ್ತು. ಅವನು ಸ್ಟ್ಯಾಂಡು ತೆಗೆದು ಕಾಲುವೆಯ ಕಡೆ ತಿರುಗಿದ. ಉದುರಿದ ಮುಳ್ಳು ಅಂಗಾಲಿಗೆ ಒಂದಾದ ಮೇಲೊಂದು ಸಿಕ್ಕಿದವು, ಕಿತ್ತ, ನಡೆದ. ಬಲಗೈ ಹ್ಯಾಂಡಲ್ ಮೇಲೆ, ಎಡಗೈ ಸೀಟಿನ ಮೇಲೆ. ಹೀಗೆ ಹಿಡಿಯುವುದನ್ನು ತನಗೆ ಯಾರೂ ಕಲಿಸಿರಲಿಲ್ಲ ಎಂದು ಅರ್ಧ ದಾರಿಗೆ ಹೊಳೆಯಿತು. ಪಕ್ಕದಲ್ಲಿ ಚಕ್ರ ಕಟಕಟ ಎನ್ನುತ್ತಿತ್ತು. ದೂರದ ರಸ್ತೆಯಲ್ಲಿ ಹಾರನ್ನು. ಇಲ್ಲಿ ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಕೊಡ ಖಾಲಿ, ದಾರಿ ಖಾಲಿ. ಅವನು ಹತ್ತಲಿಲ್ಲ.